ಗಾಡಿ ಮನೆಯಲ್ಲಿ, ಫೈನ್ ಮೊಬೈಲಿನಲ್ಲಿ: ಕ್ಯಾಮೆರಾ ಚಲನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಮಳೆಗಾಲದಲ್ಲಿ ನನ್ನ ಸ್ಕೂಟರಿಗೆ ‘ಹೆಲ್ಮೆಟ್ ಇಲ್ಲ’ ಅಂತ ಒಂದು ಚಲನ್ ಬಂತು. ಅದರಲ್ಲಿ ಬರೆದಿದ್ದ ಹೊತ್ತಿಗೆ ಸ್ಕೂಟರ್ ಪಂಕ್ಚರ್ ಆಗಿ ಮನೆ ಅಂಗಳದಲ್ಲಿ ನಿಂತಿತ್ತು. ಅದನ್ನು ತೆಗೆಸಲು ಓಡಾಡಿದ ಸುದ್ದಿ ಹೇಗೋ ಹಬ್ಬಿತು. ನೆಂಟರು, ಆಫೀಸಿನವರು, ನಮ್ಮ ಸ್ಟ್ಯಾಂಡಿನ ರಿಕ್ಷಾದವರು, ಎಲ್ಲರೂ ಕೇಳಲು ಶುರು ಮಾಡಿದರು. ಹೇಳಿದ್ದನ್ನೇ ಹೇಳಿ ಸಾಕಾಯಿತು, ಅದಕ್ಕೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಮಂಗಳೂರು, ಉಡುಪಿ ಕಡೆ ಗಾಡಿ ಓಡಿಸುವವನು, ಅಷ್ಟೆ.

ಚಲನ್ ಬಂದಿದೆ ಅಂತ ಮೆಸೇಜ್ ಬಂತು. ಮೊದಲು ಎಂತ ಮಾಡಬೇಕು?

ಅದರಲ್ಲಿರುವ ಲಿಂಕ್ ಒತ್ತಬೇಡಿ. ವಾಟ್ಸಾಪಿನಲ್ಲಿ ಪೊಲೀಸ್ ಲಾಂಛನ ಹಾಕಿ, ಕೆಳಗೆ ಒಂದು ಎಪಿಕೆ ಫೈಲ್ ಅಂಟಿಸಿ ಕಳಿಸುವ ಕಳ್ಳರು ಜಾಸ್ತಿ ಆಗಿದ್ದಾರೆ. ಆ ಫೈಲ್ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಒಟಿಪಿಗಳೆಲ್ಲ ಅವರ ಕೈಗೆ ಹೋಗುತ್ತವೆ. 500 ರೂಪಾಯಿ ಫೈನ್ ನೋಡಲು ಹೋಗಿ ಬ್ಯಾಂಕ್ ಖಾತೆಯೇ ಖಾಲಿ ಆದೀತು. ಹಾಗೆ ಆಗಿಯೇ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ನಿಜವಾದ ಚಲನ್ ನೋಡಲು ಕೇಂದ್ರ ಸಾರಿಗೆ ಇಲಾಖೆಯ ‘ಇ-ಚಲನ್ ಪರಿವಾಹನ್’ ವೆಬ್‌ಸೈಟ್ ಉಂಟು. ವಿಳಾಸ ‘ಗವ್ ಡಾಟ್ ಇನ್’ ಅಂತಲೇ ಮುಗಿಯಬೇಕು. ವಿಳಾಸವನ್ನು ನೀವೇ ಟೈಪ್ ಮಾಡಿ. ಗಾಡಿ ನಂಬರ್, ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಚಲನ್ ಇದ್ದರೆ ಕಾಣುತ್ತದೆ. ಆರ್‌ಸಿ ಪಕ್ಕದಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ಇನ್ನೊಂದು ಮಾತು. ತಪ್ಪು ಚಲನ್ ಅನ್ನಿಸಿದರೆ ಹಣ ಕಟ್ಟಬೇಡಿ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ, ಕೇಸ್ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ‘ಅದು ನನ್ನ ಗಾಡಿ ಅಲ್ಲ’ ಅಂದರೆ ಕೇಳುವವರಿಲ್ಲ.

ಫೋಟೊದಲ್ಲಿ ಏನು ನೋಡಬೇಕು?

ಎಲ್ಲ ನೋಡಬೇಕು. ಜಗಳದ ಮುಕ್ಕಾಲು ಪಾಲು ಇರುವುದೇ ಫೋಟೊದಲ್ಲಿ.

ನನ್ನ ಕಥೆ ಹೇಳುತ್ತೇನೆ. ಮೊದಲ ಸಲ ಫೋಟೊ ನೋಡಿದಾಗ ನನಗೇ ಸಂಶಯ ಬಂತು. ನಂಬರ್ ನನ್ನದೇ, ಕೆಎ 19. ಸ್ಕೂಟರಿನ ಮಾಡೆಲ್ ಕೂಡ ನನ್ನದೇ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, ‘ನಮ್ಮ ಸ್ಕೂಟರಿನಲ್ಲಿ ಕುಚ್ಚಲಕ್ಕಿ ಚೀಲ ಯಾವಾಗ ಇಟ್ಟಿದ್ದಿರಿ?’ ಅಂತ ಕೇಳಿದಳು. ಹೌದು, ಕಾಲಿಡುವ ಜಾಗದಲ್ಲಿ ಒಂದು ಚೀಲ ಇತ್ತು. ಮತ್ತೆ ದೊಡ್ಡದು ಮಾಡಿ ನೋಡಿದೆ. ನನ್ನದು ಬೂದು ಬಣ್ಣ, ಅದು ಕಡು ನೀಲಿ. ಮೋಡದ ಬೆಳಕಿಗೆ ಎರಡೂ ಒಂದೇ ಥರ ಕಾಣುತ್ತಿತ್ತು. ಕೊನೆಗೆ ನಂಬರ್ ಪ್ಲೇಟಿನ ಮೇಲೆ ಕಣ್ಣು ಹೋಯಿತು. ಕೊನೆಯ ಅಂಕಿ 3 ಅಲ್ಲ, 8. ಅದರ ಎಡಭಾಗದ ಮೇಲೆ ಕೆಸರು ಹಾರಿ ಕೂತಿತ್ತು. ಅರ್ಧ ಮುಚ್ಚಿದ 8 ಕ್ಯಾಮೆರಾದ ಕಣ್ಣಿಗೆ 3 ಆಗಿತ್ತು. ನಮ್ಮೂರಿನ ಜುಲೈ ತಿಂಗಳಲ್ಲಿ ಯಾರ ಪ್ಲೇಟ್ ಚೊಕ್ಕ ಇರುತ್ತದೆ ಹೇಳಿ?

ನೀವೂ ಹೀಗೇ ನೋಡಿ. ಪ್ರತಿ ಅಂಕಿ, ಪ್ರತಿ ಅಕ್ಷರ. 3 ಮತ್ತು 8, 1 ಮತ್ತು 7, 0 ಮತ್ತು ಇಂಗ್ಲಿಷಿನ ಡಿ ಅದಲು ಬದಲಾಗುವುದು ಸುಲಭ. ಉಡುಪಿಯ ಕೆಎ 20, ಪುತ್ತೂರಿನ ಕೆಎ 21, ಮಂಗಳೂರಿನ ಕೆಎ 19 ಎಲ್ಲ ಒಂದೇ ರಸ್ತೆಯಲ್ಲಿ ಓಡಾಡುತ್ತವೆ, ಆ ಎರಡು ಅಂಕಿಯನ್ನೂ ಬಿಡಬೇಡಿ. ಆಮೇಲೆ ಬಣ್ಣ, ಮಾಡೆಲ್, ಸ್ಟಿಕ್ಕರ್, ಕನ್ನಡಿ, ಜಜ್ಜಿದ ಗುರುತು. ಆಮೇಲೆ ದಿನ, ಹೊತ್ತು, ಜಾಗ. ಕೊನೆಗೆ, ಹೇಳಿದ ತಪ್ಪು ಆ ಫೋಟೊದಲ್ಲಿ ನಿಜವಾಗಿ ಕಾಣುತ್ತದಾ ಅಂತ. ಸಿಗ್ನಲ್ ಹಾರಿದ ಕೇಸಾದರೆ ಕೆಂಪು ದೀಪ ಮತ್ತು ನಿಮ್ಮ ಗಾಡಿ ಎರಡೂ ಕಾಣಬೇಕಲ್ವಾ?

ಕಾನೂನಿನಲ್ಲಿ ನಮ್ಮ ಕಡೆ ಏನುಂಟು?

ತುಂಬಾ ಉಂಟು, ಹೇಳುವವರು ಕಡಿಮೆ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆದಾಗ 136ಎ ಅಂತ ಒಂದು ಸೆಕ್ಷನ್ ಸೇರಿತು. ಕ್ಯಾಮೆರಾ ಹಾಕಿ ನಿಯಮ ಜಾರಿ ಮಾಡುವ ವಿಷಯ ಅದು. ಅದರ ವಿವರ ಬಂದದ್ದು 2021ರ ಆಗಸ್ಟಿನಲ್ಲಿ, ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮವಾಗಿ. ಈ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಆ ನಿಯಮದ ಪ್ರಕಾರ ಕ್ಯಾಮೆರಾಕ್ಕೆ ಅನುಮೋದನೆ ಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣ ಆಗಬೇಕು. ಕ್ಯಾಮೆರಾ ಉಂಟು ಅಂತ ಮೊದಲೇ ಬೋರ್ಡ್ ಹಾಕಿರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಚಲನ್ ಜೊತೆಗೆ ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟ ಕಾಣುವ ಫೋಟೊ, ದಿನ, ಹೊತ್ತು, ಜಾಗ, ಯಾವ ಸೆಕ್ಷನ್ ಮುರಿದಿದ್ದು ಅನ್ನುವುದು ಇರಬೇಕು. ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರವೂ ಬೇಕು. ಹಿಂದೆ ಅದು ಸಾಕ್ಷ್ಯ ಕಾಯ್ದೆಯ 65ಬಿ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್.

ಹಾಗಂತ ‘ಬೋರ್ಡ್ ಇರಲಿಲ್ಲ, ಬಿಟ್ಟುಬಿಡಿ’ ಅಂದ ಕೂಡಲೇ ಯಾರೂ ಬಿಡುವುದಿಲ್ಲ. ಫೋಟೊದಲ್ಲೇ ತಪ್ಪಿದ್ದರೆ ಅದನ್ನೇ ಮುಂದೆ ಇಡಿ. ನಿಯಮದ ಮಾತು ಅದರ ಹಿಂದೆ ಬರಲಿ.

ಎಂಥ ಕಾರಣ ಹೇಳಿದರೆ ಕೇಳುತ್ತಾರೆ?

ಗಾಡಿ ನಿಮ್ಮದಲ್ಲ ಅನ್ನುವುದು ಎಲ್ಲಕ್ಕಿಂತ ಗಟ್ಟಿ. ಗಾಡಿಯ ಜಾತಿಗೂ ತಪ್ಪಿಗೂ ಹೊಂದದೇ ಇದ್ದರೆ ಅದೂ ಗಟ್ಟಿ. ರಿಕ್ಷಾಕ್ಕೆ ಹೆಲ್ಮೆಟ್ ಫೈನ್ ಬಿದ್ದ ಕಥೆ ತಮಾಷೆಗೆ ಹೇಳುವುದಲ್ಲ, ನಮ್ಮ ಸ್ಟ್ಯಾಂಡಿನವರೊಬ್ಬರಿಗೇ ಬಂದಿತ್ತು. ಅವರು ಎರಡು ದಿನ ಅದನ್ನು ಎಲ್ಲರಿಗೂ ತೋರಿಸಿ ನಗಾಡಿದರು, ಮೂರನೇ ದಿನ ಅರ್ಜಿ ಬರೆಸಿಕೊಳ್ಳಲು ನನ್ನ ಹತ್ತಿರ ಬಂದರು.

ಸೀಟ್ ಬೆಲ್ಟಿನದು ಸ್ವಲ್ಪ ಸೂಕ್ಷ್ಮ. ಕಪ್ಪು ಅಂಗಿಯ ಮೇಲೆ ಕಪ್ಪು ಬೆಲ್ಟ್ ಕಾಣುವುದೇ ಇಲ್ಲ. ಮಳೆ ಬರುವಾಗ ವೈಪರ್ ಅಡ್ಡ ಬರುತ್ತದೆ, ಗಾಜಿನ ಮೇಲೆ ಮರದ ನೆರಳು ಬೀಳುತ್ತದೆ. ಫೋಟೊ ದೊಡ್ಡದು ಮಾಡಿದರೆ ಭುಜದ ಹತ್ತಿರ ಬೆಲ್ಟಿನ ಅಂಚು ಒಂದು ಗೆರೆಯಷ್ಟಾದರೂ ಸಿಗುತ್ತದಾ ನೋಡಿ. ಸಿಕ್ಕಿದರೆ ಅದಕ್ಕೆ ಸುತ್ತು ಹಾಕಿ, ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ. ಫೋನಿನ ಕೇಸೂ ಹೀಗೇ. ಕಿವಿ ತುರಿಸಿಕೊಂಡದ್ದು ಫೋನ್ ಹಿಡಿದ ಹಾಗೆ ಕಂಡಿರಬಹುದು.

ಕೇಳದ ಕಾರಣಗಳೂ ಉಂಟು. ‘ಇಲ್ಲೇ ಹತ್ತಿರ ಮೀನು ತರಲು ಹೋದದ್ದು’, ‘ಎಲ್ಲರೂ ಹೋಗುತ್ತಿದ್ದರು’, ‘ಹಿಂದೆ ಕೂತವಳು ಮದುವೆಗೆ ಹೂ ಮುಡಿದಿದ್ದಳು’. ಹಿಂಬದಿ ಸವಾರರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರ ಜನವರಿಯಿಂದ ಕಡ್ಡಾಯ. ತೋಟದಿಂದ ಬರುವಾಗ ತಲೆ ಮೇಲೆ ಇದ್ದ ಅಡಿಕೆ ಹಾಳೆಯ ಮುಟ್ಟಾಳೆಯೂ ಹೆಲ್ಮೆಟ್ ಅಲ್ಲ ಮಾರಾಯ್ರೆ. ತಪ್ಪು ನಿಮ್ಮದೇ ಆದರೆ ಸುಮ್ನೆ ಕಟ್ಟಿಬಿಡಿ. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ಕಾಯ್ದೆಯಲ್ಲಿ 1000 ರೂಪಾಯಿ ಇದ್ದದ್ದನ್ನು ನಮ್ಮ ರಾಜ್ಯ 2019ರ ಸೆಪ್ಟೆಂಬರಿನಲ್ಲೇ 500ಕ್ಕೆ ಇಳಿಸಿದೆ.

ಆಂಬುಲೆನ್ಸಿಗೆ ದಾರಿ ಬಿಡಲು ಗೆರೆ ದಾಟಿದೆ. ಅದಕ್ಕೂ ಫೈನಾ?

ಆಸ್ಪತ್ರೆಗಳೇ ತುಂಬಿರುವ ಊರು ನಮ್ಮದು. ಕಾಸರಗೋಡು, ಪುತ್ತೂರು, ಸುಳ್ಯ, ಎಲ್ಲ ಕಡೆಯಿಂದ ಆಂಬುಲೆನ್ಸ್ ಬರುತ್ತಲೇ ಇರುತ್ತದೆ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಕಾಯ್ದೆಯಲ್ಲೇ ಶಿಕ್ಷೆ ಉಂಟು, 194ಇ ಸೆಕ್ಷನ್. ಹಾಗಾಗಿ ದಾರಿ ಬಿಟ್ಟದ್ದಕ್ಕೆ ಫೈನ್ ಬಿದ್ದರೆ ಖಂಡಿತ ಪ್ರಶ್ನೆ ಮಾಡಿ. ಒಂದೇ ಫೋಟೊದಲ್ಲಿ ಆಂಬುಲೆನ್ಸ್ ಕಾಣಲಿಕ್ಕಿಲ್ಲ. ‘ಆ ಹೊತ್ತಿನ ಹಿಂದೆ ಮುಂದಿನ ಒಂದು ನಿಮಿಷದ ವಿಡಿಯೊ ನೋಡಿ’ ಅಂತ ಅರ್ಜಿಯಲ್ಲಿ ಬರೆಯಿರಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ಅವತ್ತೇ ಬೇರೆ ಕಡೆ ಉಳಿಸಿ, ಇಲ್ಲದಿದ್ದರೆ ಅಳಿಸಿ ಹೋಗುತ್ತದೆ.

ಹಿಂದಿನಿಂದ ಬಸ್ಸಿನವ ಹಾರ್ನ್ ಹಾಕಿ ಹಾಕಿ ದಬ್ಬಿದ. ಹೆದರಿ ಸಿಗ್ನಲ್ ದಾಟಿದೆ.

ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ. ಕ್ಯಾಮೆರಾಕ್ಕೆ ಅರ್ಥ ಆಗುವುದಿಲ್ಲ. ಕಟ್ಟಿ.

ನನ್ನ ಗಾಡಿ ಅಲ್ಲಿರಲಿಲ್ಲ ಅಂತ ತೋರಿಸುವುದು ಹೇಗೆ?

ಕಾರಾದರೆ ಫಾಸ್ಟ್ಯಾಗ್ ನಿಮ್ಮ ದೊಡ್ಡ ಸಾಕ್ಷಿ. ಮಂಗಳೂರಿನ ಒಳಗೆ ಬೆಳಿಗ್ಗೆ 10.20ಕ್ಕೆ ತಪ್ಪು ನಡೆದಿದೆ ಅಂತ ಚಲನ್ ಹೇಳುತ್ತದೆ, ನೀವು 10.15ಕ್ಕೆ ಸಾಸ್ತಾನ ಟೋಲ್ ದಾಟಿದ್ದೀರಿ ಅಂತ ಬ್ಯಾಂಕಿನ ಸ್ಟೇಟ್‌ಮೆಂಟ್ ಹೇಳುತ್ತದೆ ಅಂದರೆ, ಮುಂದೆ ವಾದ ಬೇಕಾಗಿಲ್ಲ. ಹೆಜಮಾಡಿ, ತಲಪಾಡಿ, ಬ್ರಹ್ಮರಕೂಟ್ಲು, ಯಾವ ಟೋಲ್ ಆದರೂ ಆದೀತು.

ಬೈಕ್, ಸ್ಕೂಟರಿಗೆ ಆ ಭಾಗ್ಯ ಇಲ್ಲ. ನಾನು ಪಂಕ್ಚರ್ ಅಂಗಡಿಯವರಿಂದ ಒಂದು ಬಿಲ್ ಬರೆಸಿಕೊಂಡೆ, ಪಕ್ಕದ ಮನೆಯ ಸಿಸಿಟಿವಿ ತುಣುಕು ತೆಗೆದುಕೊಂಡೆ. ಸಿಸಿಟಿವಿಯಲ್ಲಿ ಹಳೆಯದು ಕೆಲವು ದಿನ ಅಥವಾ ವಾರಗಳಲ್ಲೇ ಅಳಿಸಿ ಹೋಗುತ್ತದೆ, ಚಲನ್ ಕಂಡ ದಿನವೇ ಕೇಳಿ. ಆಫೀಸಿನ ಹಾಜರಿ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಪೆಟ್ರೋಲ್ ಬಂಕಿನ ಬಿಲ್ ಕೂಡ ಕೆಲಸಕ್ಕೆ ಬರುತ್ತವೆ. ಗಾಡಿಯ ನಾಲ್ಕೂ ಬದಿಯ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ, ನಂಬರ್ ಪ್ಲೇಟ್ ಸ್ಪಷ್ಟ ಬೀಳಲಿ.

ಎಲ್ಲಿಗೆ ಹೋಗಬೇಕು?

ಚಲನ್ ಹಾಕಿದ್ದು ಯಾರು ಅಂತ ಮೊದಲು ನೋಡಿ. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ಬೇರೆ, ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ಬೇರೆ. ಸುರತ್ಕಲ್, ಮೂಲ್ಕಿ, ಉಳ್ಳಾಲ ಕಮಿಷನರೇಟಿಗೆ ಬರುತ್ತವೆ. ಬಂಟ್ವಾಳ, ಪುತ್ತೂರು ಜಿಲ್ಲಾ ಎಸ್‌ಪಿ ಕೆಳಗೆ. ಉಡುಪಿ, ಮಣಿಪಾಲ, ಕುಂದಾಪುರ ಎಲ್ಲ ಉಡುಪಿ ಎಸ್‌ಪಿ ಕೆಳಗೆ. ಮಂಗಳೂರು ನಗರದಲ್ಲಿ ಸಂಚಾರ ಠಾಣೆ ಒಂದೇ ಅಲ್ಲ. ಕದ್ರಿಯಲ್ಲಿ ಪೂರ್ವ, ಪಾಂಡೇಶ್ವರದಲ್ಲಿ ಪಶ್ಚಿಮ, ಬೈಕಂಪಾಡಿಯಲ್ಲಿ ಉತ್ತರ, ನಾಗುರಿಯಲ್ಲಿ ದಕ್ಷಿಣ. ಕದ್ರಿ ಪಕ್ಕದ ನಂತೂರಿನ ಚಲನ್ ಹಿಡಿದುಕೊಂಡು ಬೈಕಂಪಾಡಿಗೆ ಹೋದರೆ ಪೆಟ್ರೋಲ್ ದಂಡ.

ಆನ್‌ಲೈನಿನಲ್ಲೂ ದಾರಿ ಉಂಟು. ಇ-ಚಲನ್ ವೆಬ್‌ಸೈಟಿನಲ್ಲೇ ದೂರು ಸಲ್ಲಿಸುವ ಪುಟ ಇದೆ. ಅಲ್ಲಿ ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆದರೂ ಒಂದು ಸಲ ಕಾಗದ ಹಿಡಿದು ಠಾಣೆಗೆ ಹೋಗಿ ಅಂತಲೇ ನನ್ನ ಸಲಹೆ. ಎದುರಿಗೆ ಕೂತು ಫೋಟೊ ತೋರಿಸಿದಾಗ ಆಗುವ ಕೆಲಸ ಪರದೆಯಲ್ಲಿ ಆಗುವುದಿಲ್ಲ.

ಅರ್ಜಿ ಹೇಗೆ ಬರೆಯುವುದು?

ಒಂದು ಪುಟ ಮೀರಬೇಡಿ. ಸಿಟ್ಟು ಬೇಡ, ಸರ್ಕಾರಕ್ಕೆ ಬೈಗುಳ ಬೇಡ. ನಾನು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

‘ಮಾನ್ಯರೇ, ಮೇಲ್ಕಂಡ ಚಲನ್ ನನ್ನ ವಾಹನದ ಹೆಸರಿನಲ್ಲಿ ಬಂದಿದೆ. ಚಲನ್ ಜೊತೆಗಿನ ಫೋಟೊದಲ್ಲಿರುವ ಸ್ಕೂಟರ್ ನನ್ನದಲ್ಲ. ಫೋಟೊದ ವಾಹನದ ಬಣ್ಣ ಕಡು ನೀಲಿ, ನನ್ನ ಆರ್‌ಸಿ ಪ್ರಕಾರ ನನ್ನ ವಾಹನ ಬೂದು ಬಣ್ಣದ್ದು. ನಂಬರಿನ ಕೊನೆಯ ಅಂಕಿ 8 ಆಗಿದ್ದು, ಕೆಸರಿನಿಂದಾಗಿ 3 ಎಂದು ಓದಲಾಗಿದೆ. ಆ ಸಮಯದಲ್ಲಿ ನನ್ನ ವಾಹನ ಮನೆಯಲ್ಲಿತ್ತು. ದಾಖಲೆಗಳನ್ನು ಲಗತ್ತಿಸಿದ್ದೇನೆ. ಪರಿಶೀಲಿಸಿ ಚಲನ್ ರದ್ದುಪಡಿಸಬೇಕಾಗಿ ವಿನಂತಿ.’

ಜೊತೆಗೆ ಆರ್‌ಸಿ ಜೆರಾಕ್ಸ್, ಚಲನ್ ಪ್ರಿಂಟ್, ಫೋಟೊಗಳು. ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದರ ಮೇಲೆ ಠಾಣೆಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸೀಲು ಇಲ್ಲದೆ ಹೊರಗೆ ಬರಬೇಡಿ. ಫೋಟೊವನ್ನು ಬಣ್ಣದಲ್ಲೇ ಪ್ರಿಂಟ್ ತೆಗೆಸಿ. ನಾನು ಹತ್ತು ರೂಪಾಯಿ ಉಳಿಸಲು ಹೋಗಿ ಮೊದಲು ಕಪ್ಪು ಬಿಳುಪು ತೆಗೆಸಿದ್ದೆ. ನೀಲಿ, ಬೂದು ಎರಡೂ ಒಂದೇ ಆಗಿ ಹೋಯಿತು!

‘500 ರೂಪಾಯಿ ತಾನೇ, ಕಟ್ಟಿ ಹೋಗಿ’ ಅಂದರೆ?

ನನಗೂ ಹಾಗೇ ಅಂದರು, ಸಿಟ್ಟಿನಿಂದ ಅಲ್ಲ, ಪಾಪ ಅಂತಲೇ. ಅರ್ಧ ದಿನದ ರಜೆ, ಪೆಟ್ರೋಲ್ ಲೆಕ್ಕ ಹಾಕಿದರೆ ಅವರ ಮಾತು ಸರಿಯೇ. ಆದರೂ ನಂಬರ್ ಅದಲು ಬದಲಾದ ಕೇಸಿನಲ್ಲಿ ಕಟ್ಟಬಾರದು ಅಂತ ನನ್ನ ಅಭಿಪ್ರಾಯ. ಇವತ್ತು ಕೆಸರು. ನಾಳೆ ಯಾರೋ ನಿಮ್ಮ ನಂಬರನ್ನೇ ಬೇಕಂತ ಹಾಕಿಕೊಂಡು ತಿರುಗುತ್ತಿದ್ದರೆ? ಅವನು ಯಾರಿಗಾದರೂ ಗುದ್ದಿ ಓಡಿ ಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಎರಡೂ ಗಾಡಿಯಲ್ಲಿ ಎಲ್ಲ ಅಂಕಿ ಒಂದೇ ಇದ್ದು ಗಾಡಿ ಮಾತ್ರ ಬೇರೆ ಆಗಿದ್ದರೆ, ಅದು ನಕಲಿ ಪ್ಲೇಟ್. ಚಲನ್ ಅರ್ಜಿ ಸಾಲದು, ಬೇರೆಯೇ ಒಂದು ಪೊಲೀಸ್ ದೂರು ಕೊಡಿ.

ಸ್ಪೀಡ್ ಕ್ಯಾಮೆರಾದ ಫೈನ್ ಪ್ರಶ್ನೆ ಮಾಡಬಹುದಾ?

ಮಾಡಬಹುದು, ಆದರೆ ‘ನಾನು ಅಷ್ಟು ಜೋರಾಗಿ ಹೋಗಲೇ ಇಲ್ಲ’ ಅಂದರೆ ಸಾಲದು. ಕೇಳಬೇಕಾದ್ದು ಯಂತ್ರದ ಜಾತಕ. 2025ರ ಜುಲೈ 1ರಿಂದ ವೇಗ ಅಳೆಯುವ ರಡಾರ್ ಉಪಕರಣಗಳಿಗೆ ಕಾನೂನು ಮಾಪನ ಇಲಾಖೆಯ ಪರಿಶೀಲನೆ, ಮುದ್ರೆ ಬೇಕು. ಮೀನು ತೂಗುವ ತಕ್ಕಡಿಗೆ ಮುದ್ರೆ ಹೊಡೆಯುವ ಇಲಾಖೆಯೇ ಇದು. ಆ ಕ್ಯಾಮೆರಾದ ಅನುಮೋದನೆ ಪತ್ರ, ಪರಿಶೀಲನೆ ದಿನಾಂಕ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಕಥೆ ಬರೆಯಬೇಡಿ.

ಆ ಜಾಗದ ವೇಗ ಮಿತಿಯ ಬೋರ್ಡ್ ಎಲ್ಲಿದೆ ಅಂತಲೂ ನೋಡಿ ಬನ್ನಿ. ಹೆದ್ದಾರಿ 66ರಲ್ಲಿ ಒಂದು ಬೋರ್ಡ್ ಗೋಳಿ ಮರದ ಕೊಂಬೆಯ ಹಿಂದೆ ಅಡಗಿ ಕೂತಿದ್ದನ್ನು ನಾನೇ ನೋಡಿದ್ದೇನೆ.

ಠಾಣೆಯಲ್ಲಿ ಆಗಲಿಲ್ಲ. ಕೋರ್ಟಿಗೆ ಹೋಗಬೇಕಾ?

ಚಲನ್ ಕೋರ್ಟಿಗೆ ಹೋದ ಮೇಲೆ ಠಾಣೆಯವರ ಕೈಯಲ್ಲಿ ಏನೂ ಇರುವುದಿಲ್ಲ. ‘ವರ್ಚುವಲ್ ಕೋರ್ಟ್’ ವೆಬ್‌ಸೈಟಿನಲ್ಲಿ ಕರ್ನಾಟಕ ಸಂಚಾರ ವಿಭಾಗ ಆರಿಸಿ, ಗಾಡಿ ನಂಬರ್ ಅಥವಾ ಚಲನ್ ನಂಬರ್ ಹಾಕಿ ನೋಡಿ. ಅಲ್ಲಿ ನಿಮ್ಮ ಕೇಸ್ ಇದ್ದರೆ ಎರಡು ಆಯ್ಕೆ ಬರುತ್ತದೆ: ದಂಡ ಕಟ್ಟುತ್ತೇನೆ, ಅಥವಾ ಕೇಸ್ ನಡೆಸುತ್ತೇನೆ. ಎರಡನೆಯದು ಒತ್ತಿದರೆ ಕೇಸ್ ಆ ಜಾಗದ ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಆಮೇಲೆ ಸಮನ್ಸ್ ಬರುತ್ತದೆ. ಬಂದ ತಾರೀಕಿಗೆ ಹೋಗಲೇಬೇಕು.

ಇಷ್ಟು ಸಣ್ಣ ಕೇಸಿಗೆ ವಕೀಲರು ಕಡ್ಡಾಯ ಅಲ್ಲ, ನೀವೇ ಮಾತಾಡಬಹುದು. ಧೈರ್ಯ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಅಲ್ಲಿ ನೆರವು ಉಚಿತ. ಫೋನ್ 15100. ತುಂಬಾ ಹಳೆಯ ಚಲನ್ ಆದರೆ ವಕೀಲರ ಹತ್ತಿರ ಇನ್ನೊಂದು ವಿಷಯ ಕೇಳಿ. ಬರೀ ದಂಡದ ಶಿಕ್ಷೆ ಇರುವ ಅಪರಾಧಕ್ಕೆ ಕೇಸ್ ದಾಖಲಿಸಲು ಆರು ತಿಂಗಳ ಗಡುವು ಅಂತ ಕಾನೂನಿನಲ್ಲಿ ಉಂಟು, ನಿಮ್ಮ ಕೇಸಿಗೆ ಅದು ಹೊಂದುತ್ತದಾ ಅಂತ.

ಗಾಡಿ ಮಾರಿ ಎರಡು ವರ್ಷ ಆಯಿತು. ಫೈನ್ ನನಗೇ ಬರುತ್ತಿದೆ.

ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿ ಉಂಟು ಅಂತ ಅರ್ಥ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಮಾರಿದ ಒಪ್ಪಂದ, ತೆಗೆದುಕೊಂಡವರ ಗುರುತಿನ ಚೀಟಿ, ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ರ ಪ್ರತಿ ಹುಡುಕಿ ತೆಗೆಯಿರಿ. ಬ್ರೋಕರ್ ‘ನಾನು ನೋಡಿಕೊಳ್ಳುತ್ತೇನೆ’ ಅಂದಿದ್ದ ಅನ್ನುವುದು ದಾಖಲೆ ಅಲ್ಲ.

ಗಾಡಿ ನನ್ನದೇ, ಓಡಿಸಿದ್ದು ತಮ್ಮ.

ಓಡಿಸಿದವರು ಯಾರು ಅಂತ ಕೇಳಿದಾಗ ಹೇಳುವುದು ಮಾಲೀಕರ ಕರ್ತವ್ಯ, 133ನೇ ಸೆಕ್ಷನ್. ಹೇಳಿ. ತಮ್ಮನಿಗೆ 18 ಆಗಿಲ್ಲದಿದ್ದರೆ ಹೆಲ್ಮೆಟ್ ಫೈನ್ ಮರೆತುಬಿಡಿ. 199ಎ ಪ್ರಕಾರ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

50 ಪರ್ಸೆಂಟ್ ರಿಯಾಯಿತಿ ಬರುವವರೆಗೆ ಕಾಯಬಹುದಾ?

2023ರ ಫೆಬ್ರವರಿಯಲ್ಲಿ, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಹೀಗೆ ಕೆಲವು ಸಲ ಸರ್ಕಾರ ಕೊಟ್ಟದ್ದು ಹೌದು. ಆದರೆ ಅದು ತಪ್ಪು ಮಾಡಿದವರಿಗೆ. ತಪ್ಪು ಮಾಡದವರು ಅರ್ಧ ಯಾಕೆ ಕಟ್ಟಬೇಕು? ಕಾಯುತ್ತಾ ಕೂತರೆ ಸಿಸಿಟಿವಿ ತುಣುಕೂ ಹೋಗುತ್ತದೆ. ಬಾಕಿ ಚಲನ್ ಇದ್ದರೆ ಆರ್‌ಟಿಒದಲ್ಲಿ ಹೆಸರು ಬದಲಾವಣೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮುಂತಾದ ಕೆಲಸಕ್ಕೂ ತೊಡಕು.

ಕಾಸರಗೋಡಿಗೆ ಮದುವೆಗೆ ಹೋಗಿದ್ದೆ. ಅಲ್ಲಿಂದ ಚಲನ್ ಬಂತು.

ತಲಪಾಡಿ ದಾಟಿದರೆ ಕೇರಳದ ಕ್ಯಾಮೆರಾ. ಅಲ್ಲಿ 726 ಕ್ಯಾಮೆರಾಗಳ ಯೋಜನೆಯಲ್ಲಿ 2023ರ ಜೂನ್ 5ರಿಂದ ದಂಡ ಹಾಕುತ್ತಿದ್ದಾರೆ. ಮಂಗಳೂರಿನ ಠಾಣೆಗೆ ಹೋಗಿ ಪ್ರಯೋಜನ ಇಲ್ಲ, ಕೇರಳದ ಮೋಟಾರು ವಾಹನ ಇಲಾಖೆಯ ಹತ್ತಿರವೇ ಆಕ್ಷೇಪಣೆ ಹೇಳಬೇಕು. ಚಲನ್ ಮಾತ್ರ ಅದೇ ಪರಿವಾಹನ್ ವೆಬ್‌ಸೈಟಿನಲ್ಲಿ ಕಾಣುತ್ತದೆ.

ಕಡೆಗೆ ನಿಮ್ಮ ಚಲನ್ ಏನಾಯಿತು?

ಎರಡು ಸಲ ಹೋಗಿ ಬಂದೆ. ಎರಡನೇ ಸಲ ಅಲ್ಲಿದ್ದ ಸಿಬ್ಬಂದಿಯೊಬ್ಬರು ಬಣ್ಣದ ಪ್ರಿಂಟ್ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೆ ಏರಿಸಿ, ಪ್ಲೇಟನ್ನು ಮೂಗಿನ ಹತ್ತಿರ ಹಿಡಿದು ನೋಡಿ, ‘ಎಂಟು ಮಾರಾಯ್ರೆ ಇದು’ ಅಂದರು. ಸುಮಾರು ಮೂರು ವಾರದ ಮೇಲೆ ವೆಬ್‌ಸೈಟಿನಿಂದ ಚಲನ್ ಹೋಯಿತು. ಹೋಯಿತು ಅಂತ ಯಾರೂ ಮೆಸೇಜ್ ಕಳಿಸಲಿಲ್ಲ, ನಾನೇ ದಿನಾ ನೋಡುತ್ತಿದ್ದೆ.

ಅಕ್ಟೋಬರಿನಲ್ಲಿ ಮತ್ತೊಂದು ಬಂತು. ಅದೇ ನೀಲಿ ಸ್ಕೂಟರ್, ಅದೇ ಕೆಸರು, ಈ ಸಲ ಚೀಲ ಇರಲಿಲ್ಲ. ಹಳೆಯ ಅರ್ಜಿಯ ತಾರೀಕು ಮಾತ್ರ ತಿದ್ದಿ, ಸೀಲು ಬಿದ್ದ ಮೊದಲಿನ ಪ್ರತಿಯನ್ನೂ ಜೊತೆಗೆ ಇಟ್ಟು ಕೊಟ್ಟು ಬಂದೆ. ಅದರ ಒಂದು ಜೆರಾಕ್ಸ್ ಈಗ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತದೆ, ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ.